ಭಾನುವಾರ ನಡುಗದ ನೆಲ

"ಮಾಮ, ಈ ಭೂಕಂಪಗಳು ಭಾನುವಾರ ರಜೆ ತಗೊಳ್ತವೆ."

ಪಾಪು ಹಾಗೆಂದಾಗ ನಾನು ಭೂಕಂಪ ಅಳೆಯುವ ಆ ಕಚೇರಿಯ ಯಂತ್ರ ಉಗುಳಿಕೊಟ್ಟ ಕಾಫಿಯನ್ನು ಕುಡಿಯಲೋ, ಯಾರೂ ನೋಡದ ಹೊತ್ತಿನಲ್ಲಿ ಕಿಟಕಿಯಾಚೆ ಚೆಲ್ಲಲೋ ಎಂದು ಯೋಚಿಸುತ್ತಿದ್ದೆ. ಲೋಟವನ್ನು ಮೇಜಿನ ಮೇಲಿಟ್ಟೆ.

"ಇನ್ನೊಂದ್ಸಲ ಹೇಳು."

"ಇಲ್ಲಿ ನೋಡಿ." ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಅಪ್ಪ ಲೆಕ್ಕಕ್ಕೆ ತಗೊಂಡಿದ್ದ ಚಿಕ್ಕ ಚಿಕ್ಕ ಕಂಪನಗಳು ಇವು. ಯಾವ ಹೊತ್ತಲ್ಲಿ ಎಷ್ಟು ಅಂತ ಕಂಬ ನಿಲ್ಲಿಸಿದೀನಿ. ಬೆಳಿಗ್ಗೆ ಜನ ಕೆಲಸಕ್ಕೆ ಹೋಗೋ ಹೊತ್ತಿಗೆ ಏರುತ್ತೆ. ಊಟದ ಹೊತ್ತಲ್ಲಿ ಸುಮ್ಮನಾಗುತ್ತೆ. ಆಮೇಲೆ ಸಂಜೆವರೆಗೂ ಮತ್ತೆ ಗಡಗಡ. ರಾತ್ರಿ ಎಲ್ಲೋ ಒಂದೊಂದು. ಭಾನುವಾರ ಪೂರ್ತಿ ನಿದ್ದೆ. ನೆಲಕ್ಕೇನು ಮೇಸ್ತ್ರಿ ಕಾಯ್ತಾ ಕೂತಿರ್ತಾನಾ, ಹೊತ್ತಿಗೆ ಸರಿಯಾಗಿ ನಡುಗೋಕೆ?"

ಆಸ್ಪತ್ರೆಯ ಹೊಸ ಕಟ್ಟಡ ಭೂಕಂಪಕ್ಕೆ ಕುಸಿದು ನನ್ನ ಅಕ್ಕನೂ ಸೇರಿ ಒಂದು ಮಹಡಿಯಷ್ಟು ಜನ ಹೋದ ಮೇಲೆ, 'ಇಲ್ಲಿ ದೊಡ್ಡ ಕಂಪನ ಬರುವುದು ತೀರಾ ಅಪರೂಪ' ಎಂದು ಲೆಕ್ಕ ಕೊಟ್ಟಿದ್ದ ನನ್ನ ಭಾವ 'ತಪ್ಪು ನನ್ನದೇ' ಎಂದು ಬರೆದುಕೊಟ್ಟು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅದನ್ನು ನಂಬದವಳು ಅವರ ಮಗಳು ಒಬ್ಬಳೇ. ಇಪ್ಪತ್ತು ದಾಟಿದರೂ ಮನೆಯಲ್ಲಿ ಪಾಪುವಾಗಿಯೇ ಉಳಿದ ಆ ಹುಡುಗಿ ನನ್ನ ಬಾಗಿಲಿಗೆ ಬಂದು, "ಮಾಮ, ಊರವರ ಕಳೆದುಹೋದ ಗಂಡಂದಿರನ್ನೆಲ್ಲ ಹುಡುಕಿಕೊಡ್ತೀರಲ್ಲ, ಅಪ್ಪನ ಲೆಕ್ಕ ಕೆಡಿಸಿದವರನ್ನ ಹುಡುಕಿಕೊಡಿ" ಎಂದು ಪಟ್ಟು ಹಿಡಿದಿದ್ದಳು.

ಲೆಕ್ಕ ಎಂದರೆ ನನಗೆ ಶಾಲೆಯ ದಿನಗಳಿಂದಲೂ ಆಗದು. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಹಚ್ಚಿಕೊಂಡ ಮೇಲಂತೂ ನನಗೆ ಬೇಕಾಗಿದ್ದ ಲೆಕ್ಕ ಬಾಡಿಗೆಯದೊಂದೇ. ಪಾಪುವಿಗೆ ಅದು ಗೊತ್ತು.

"ನಿಮಗೂ ಅರ್ಥ ಆಗೋ ಹಾಗೆ ಹೇಳ್ತೀನಿ. ದೊಡ್ಡ ಭೂಕಂಪ ಯಾವಾಗ ಬರುತ್ತೆ ಅಂತ ಯಾವ ಗಂಡಸಿಗೂ ಹೆಂಗಸಿಗೂ ಗೊತ್ತಿಲ್ಲ. ಆದ್ರೆ ಚಿಕ್ಕವು ಬರ್ತಾನೇ ಇರ್ತವೆ. ನಮಗೆ ತಿಳಿಯಲ್ಲ, ಯಂತ್ರಕ್ಕೆ ತಿಳಿಯುತ್ತೆ. ಅಳತೆಯಲ್ಲಿ ಒಂದು ಮೆಟ್ಟಿಲು ಮೇಲೆ ಹೋದ್ರೆ ಎಣಿಕೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಇನ್ನೊಂದು ಮೆಟ್ಟಿಲು, ಮತ್ತೆ ಹತ್ತರಲ್ಲಿ ಒಂದು. ಕಾಗದದ ಮೇಲೆ ಹಾಕಿದ್ರೆ ಜಾರುಬಂಡೆ ಥರ ಒಂದು ನೇರ ಗೆರೆ ಬರುತ್ತೆ." ಅವಳು ಮೇಜಿನ ಧೂಳಿನ ಮೇಲೆ ಬೆರಳಿನಿಂದ ಎಡದಿಂದ ಬಲಕ್ಕೆ ಇಳಿಯುವ ಗೆರೆ ಎಳೆದಳು. "ಎಡಗಡೆ ಚಿಕ್ಕವು, ಬಲಗಡೆ ದೊಡ್ಡವು. ದೊಡ್ಡವನ್ನ ಎಣಿಸೋಕೆ ನಮ್ಮ ಆಯಸ್ಸು ಸಾಲಲ್ಲ. ಅದಕ್ಕೆ ಚಿಕ್ಕವನ್ನ ಎಣಿಸಿ, ಗೆರೆ ಎಳೆದು, ಬಲಗಡೆ ತುದಿ ಎಲ್ಲಿ ಮುಟ್ಟುತ್ತೆ ಅಂತ ನೋಡೋದು. ಆ ಗೆರೆ ಎಷ್ಟು ಇಳಿಜಾರು ಅನ್ನೋದರಲ್ಲೇ ಅಪ್ಪನ ಅರ್ಧ ಜೀವನ ಹೋಗಿದೆ."

"ಚಿಕ್ಕವು ಸುಳ್ಳುಸುಳ್ಳೇ ಜಾಸ್ತಿಯಾದ್ರೆ?"

"ಎಡಗಡೆ ಮೇಲೇಳುತ್ತೆ. ಗೆರೆ ಕಡಿದಾಗುತ್ತೆ. ಬಲಗಡೆ ನೆಲ ಕಚ್ಚುತ್ತೆ. ದೊಡ್ಡದು ಬರೋದೇ ಇಲ್ಲವೇನೋ ಅನ್ನೋ ಹಾಗೆ ಕಾಣುತ್ತೆ. ಅದನ್ನ ನಂಬಿ ಎಂಜಿನಿಯರು ಕಂಬಕ್ಕೆ ಕಬ್ಬಿಣ ಕಮ್ಮಿ ಹಾಕ್ತಾರೆ."

"ಈ ರಜೆ ತಗೊಳ್ಳೋ ಕಂಪನಗಳು ಯಾವುವು ಹಾಗಾದ್ರೆ?"

"ಕಲ್ಲು ಕ್ವಾರಿ, ಮಾಮ. ಬಂಡೆ ಸಿಡಿಸಿದ್ರೂ ನೆಲ ಅದುರುತ್ತೆ. ಅದನ್ನ ಬೇರೆ ಮಾಡಿ ಆಚೆ ಹಾಕಬೇಕು. ಅದೇ ಅಮ್ಮನ ಕೆಲಸ."

ಅವಳು ಕೂತಿದ್ದದ್ದು ಅಕ್ಕನ ಕುರ್ಚಿಯಲ್ಲೇ. ಅಕ್ಕ ಕುಳ್ಳಿ, ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿಕೊಂಡಿದ್ದಳು. ಮಗಳು ಅಪ್ಪನ ಎತ್ತರ. ಮೊಣಕಾಲು ಮೇಜಿಗೆ ಬಡಿಯುತ್ತಿದ್ದರೂ ಪಾಪು ಅದನ್ನು ಮೇಲೆತ್ತಿರಲಿಲ್ಲ. ನಾನೂ ಎತ್ತು ಎನ್ನಲಿಲ್ಲ.

ಈ ಕೋಣೆಯಲ್ಲಿ ಕೂತು ಅಕ್ಕ ವರ್ಷಗಟ್ಟಲೆ ಗೀರು ಗೀರಾದ ಅಲೆಗಳನ್ನು ನೋಡಿ, ಒಂದೊಂದಕ್ಕೂ 'ಭೂಕಂಪ' ಅಥವಾ 'ಸ್ಫೋಟ' ಎಂದು ಗುರುತು ಹಾಕುತ್ತಿದ್ದಳು. ಸ್ಫೋಟಗಳನ್ನು ತೆಗೆದು ಉಳಿದದ್ದನ್ನು ಗಂಡನಿಗೆ ಕೊಡುತ್ತಿದ್ದಳು. ಗಂಡ ಗೆರೆ ಎಳೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವಳು ನನಗೆ ಹೇಳಿದ್ದು ನೆನಪಾಯಿತು: "ನಾನು ಕಲ್ಲು ಆರಿಸಿ ಕೊಡ್ತೀನಿ ಕಣೋ, ಅವರು ಅನ್ನ ಮಾಡಿ ಹೆಸರು ತಗೊಳ್ತಾರೆ."

ಆರಿಸಿ ತೆಗೆದ ಕಲ್ಲನ್ನು ಯಾರೋ ಮತ್ತೆ ಅಕ್ಕಿಗೆ ಸುರಿದಿದ್ದರು. ಯಾರೆಂದು ನನಗೆ ಅನುಮಾನವೇ ಇರಲಿಲ್ಲ.

ದೊಡ್ಡವರು ಎಂದರೆ ಈ ಕಚೇರಿಯ ಮುಖ್ಯಸ್ಥರು. ಕಾವಲಿನವನಿಂದ ಹಿಡಿದು ಮಂತ್ರಿಯವರೆಗೆ ಎಲ್ಲರಿಗೂ ಅವರು ದೊಡ್ಡವರೇ. ಆಸ್ಪತ್ರೆ ಬೇಗ ಏಳಬೇಕೆಂದು ಮೇಲಿನವರಿಗೆ ಮಾತು ಕೊಟ್ಟು, ನನ್ನ ಭಾವನ ಬೆನ್ನು ಬಿದ್ದು ವರದಿ ಬರೆಸಿಕೊಂಡವರು. ಕುಸಿದ ಮಾರನೆಯ ದಿನವೇ 'ಲೆಕ್ಕ ನನ್ನದಲ್ಲ' ಎಂದು ಕೈ ತೊಳೆದುಕೊಂಡವರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅಂದು ಮಧ್ಯಾಹ್ನ ಅದೇ ಕಟ್ಟಡದ ಸಭಾಂಗಣದಲ್ಲಿ ವಿಚಾರಣೆಯ ಕೊನೆಯ ಬೈಠಕ್ಕಿತ್ತು. ಅದಕ್ಕೆ ಮೊದಲು ಅವರ ಜುಟ್ಟು ನನ್ನ ಕೈಗೆ ಸಿಗಬೇಕಿತ್ತು.

ಬಾಗಿಲು ತಟ್ಟದೆ ಅವರ ಕೋಣೆಯೊಳಗೆ ಹೋದೆ.

"ಕ್ವಾರಿಯ ಢಂ ಢಂ ಎಲ್ಲಾ ಭೂಕಂಪ ಆಗಿಬಿಟ್ಟಿದೆಯಲ್ಲ ಸಾರ್, ಯಾರ ಕೈಚಳಕ?"

ದೊಡ್ಡವರು ತಲೆಯೆತ್ತಿದರು. ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ನಾನು ತೆರೆದಿಟ್ಟಿದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

"ಅಷ್ಟು ದೂರ ಬಂದ್ರಾ? ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ."

"ಬೇಡ. ನಿಂತು ಕೇಳೋ ಮಾತಲ್ಲ ಅದು."

ನಾನು ನಿಂತೇ ಇದ್ದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಏನೋ ತೆರೆದು ನನ್ನತ್ತ ತಿರುಗಿಸಿದರು.

"ಪ್ರತಿ ಗುರುತಿನ ಪಕ್ಕ ಹಾಕಿದವರ ಹೆಸರಿರುತ್ತೆ. ಇದರ ನಕಲು ಬೇರೆ ಊರಿನ ಕಚೇರಿಗೆ ಅವತ್ತವತ್ತೇ ಹೋಗುತ್ತೆ. ಅದನ್ನೂ ತರಿಸಿ ನೋಡಿದೆ. ಎರಡರಲ್ಲೂ ಒಂದೇ ಇದೆ. ಆಮೇಲೆ ಯಾರೂ ಕೈ ಹಾಕಿಲ್ಲ. ನಾನೂ ಹಾಕಿಲ್ಲ, ನಿಮ್ಮ ಭಾವನೂ ಹಾಕಿಲ್ಲ."

ಸಾಲು ಸಾಲಿನ ತುದಿಯಲ್ಲೂ ನನ್ನ ಅಕ್ಕನ ಹೆಸರಿತ್ತು.

"ಕಿವಿಗೆ ಹೂ ಇಡ್ತಿದೀರಾ? ನನ್ನಕ್ಕ ಕಣ್ಣು ಮುಚ್ಚಿಕೊಂಡು ಗುರುತು ಹಾಕಿದ್ರೂ ಇಷ್ಟು ತಪ್ಪಾಗಲ್ಲ."

"ಅದೇ ಆಗಿದ್ದು," ಎಂದರು ದೊಡ್ಡವರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವರಿಗೆ ಕಣ್ಣು ಕಾಣ್ತಿರಲಿಲ್ಲ. ನಡುವೆ ಕಪ್ಪು, ಅಂಚಿನಲ್ಲಿ ಮಾತ್ರ ಮಸುಕು. ಮೂರ್ನಾಲ್ಕು ವರ್ಷದಿಂದ ಹಾಗೇ ಇತ್ತು ಅಂತ ಆಸ್ಪತ್ರೆ ಕಡತದಲ್ಲಿದೆ. ಕಟ್ಟಡ ಬಿದ್ದಾಗ ಅವರಿದ್ದದ್ದು ಯಾವ ವಾರ್ಡಲ್ಲಿ ಅಂತ ಯೋಚನೆ ಮಾಡಿದೀರಾ?"

ಸಣ್ಣದೊಂದು ಆಪರೇಷನ್ ಎಂದಿದ್ದಳು ಅಕ್ಕ, ಫೋನಿನಲ್ಲಿ. ಏನು ಆಪರೇಷನ್ ಎಂದರೆ, "ಹೆಂಗಸರ ವಿಷಯ, ಸುಮ್ನಿರೋ" ಎಂದು ಗದರಿದ್ದಳು. ಕಂಡವರ ಮನೆಯ ಗುಟ್ಟನ್ನೆಲ್ಲ ಕೆದಕಿ ಹೊಟ್ಟೆ ಹೊರೆಯುವವನು ಸ್ವಂತ ಅಕ್ಕನನ್ನು ಎರಡನೇ ಪ್ರಶ್ನೆ ಕೇಳಿರಲಿಲ್ಲ.

ಕೊನೆಯ ಸಲ ನನ್ನ ಮನೆಗೆ ಬಂದಾಗ ಅವಳು ಎರಡೂ ಕೈಗಳಿಂದ ನನ್ನ ಮುಖ ಸವರಿ, "ಸಣ್ಣಗಾಗಿದೀಯಲ್ಲೋ" ಎಂದಿದ್ದಳು. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು. ಆದರೆ ನನ್ನ ಮುಖ ಅವಳಿಗೆ ಕಂಡಿರಲಿಲ್ಲ.

ನಾನು ಕೂತೆ.

"ಮಧ್ಯಾಹ್ನ ವಿಚಾರಣೆಯಲ್ಲಿ ಇದನ್ನ ಹೇಳಲೇಬೇಕು," ಎಂದರು ದೊಡ್ಡವರು. "ನಿಮ್ಮ ಭಾವ ಹೆಂಡತಿ ಹೆಸರು ಉಳಿಸೋಕೆ ತಪ್ಪು ತಲೆ ಮೇಲೆ ಹೊತ್ಕೊಂಡಿದ್ದಾರೆ. ನನಗೂ ಅರ್ಥ ಆಗುತ್ತೆ. ಆದ್ರೆ ನಾಳೆ ಶಾಲೆ ಕಟ್ಟೋರು, ಅಣೆಕಟ್ಟು ಕಟ್ಟೋರು ಈ ಲೆಕ್ಕವನ್ನೇ ಹಿಡ್ಕೊಂಡು ಕಟ್ತಾರೆ. ಎಲ್ಲಿ ತಪ್ಪಿತು ಅಂತ ಗೊತ್ತಾಗದಿದ್ರೆ ಹೇಗೆ ಸರಿ ಮಾಡಲಿ? ಕಣ್ಣು ಕಾಣದವರು ಗುರುತು ಹಾಕಿದ್ರು ಅಂತ ಹೇಳದೆ ನನಗೆ ದಾರಿ ಇಲ್ಲ."

ಸತ್ತವಳನ್ನು ಮತ್ತೊಮ್ಮೆ ಕಲ್ಲು ಮಣ್ಣಿನಡಿ ಹೂಳುವ ಮಾತದು. ಅಷ್ಟೂ ಜನರ ಸಾವು ಅವಳ ಹೆಸರಿಗೆ. ಸಿಟ್ಟು ನೆತ್ತಿಗೇರಿ ಏನೇನೋ ಬೈದೆ. ದೊಡ್ಡವರು ನೀರಿನ ಲೋಟ ನನ್ನ ಕಡೆ ಸರಿಸಿದರು.

ಪಾಪು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ನನ್ನ ಮುಖ ನೋಡಿದವಳೇ ಎದ್ದು ನಿಂತಳು.

"ಅಮ್ಮನ ಕಣ್ಣಿನ ವಿಷಯ ಹೇಳಿದ್ರಾ?"

"ನಿನಗೆ ಗೊತ್ತಿತ್ತಾ?"

ಅವಳು ಉತ್ತರಿಸುವ ಮೊದಲು ಕಣ್ಣು ತುಂಬಿಕೊಂಡಿತು. ಮತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಪಕ್ಕದಲ್ಲಿ ನಾನೂ ಕೂತೆ. ಮೇಲೆ ಕೆಳಗೆ ಓಡಾಡುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

"ಯಾರಿಗೂ ಹೇಳಬೇಡ ಅಂತ ಅಮ್ಮ ಆಣೆ ಹಾಕಿಸಿದ್ಳು, ಮಾಮ. ಕೆಲಸದಿಂದ ತೆಗೀತಾರೆ ಅನ್ನೋದಲ್ಲ. ಆ ಕುರ್ಚಿ ಬಿಟ್ರೆ ನಾನು ಯಾರು ಅಂತಿದ್ಳು. ಆಪರೇಷನ್ ಆದ್ಮೇಲೆ ಎಲ್ಲಾ ಸರಿಹೋಗುತ್ತೆ, ಅಲ್ಲಿವರೆಗೆ ಸಾಗಿಸೋಣ ಅಂತ."

"ಹೇಗೆ ಸಾಗಿಸಿದ್ರಿ?"

"ನಾನು ಓದ್ತಿದ್ದೆ."

ಅವಳು ಮೂಗು ಒರೆಸಿಕೊಂಡು ವಿವರಿಸಿದಳು. ಕಚೇರಿಯ ಅಲೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆಯುವುದು. ಊಟದ ಮೇಜಿನ ಒಂದು ಬದಿಯಲ್ಲಿ ಅಮ್ಮ, ಇನ್ನೊಂದು ಬದಿಯಲ್ಲಿ ಮಗಳು. ಬಂಡೆ ಸಿಡಿದರೆ ಸುತ್ತಲ ನೆಲವನ್ನು ಎಲ್ಲ ಕಡೆಗೂ ಹೊರಕ್ಕೇ ತಳ್ಳುತ್ತದೆ. ಹಾಗಾಗಿ ಎಲ್ಲ ಯಂತ್ರಗಳಲ್ಲೂ ಮೊದಲ ಗೀರು ಮೇಲಕ್ಕೇ. ನಿಜವಾದ ಭೂಕಂಪದಲ್ಲಿ ನೆಲ ಪಕ್ಕಕ್ಕೆ ಜಾರುತ್ತದೆ. ಕೆಲವು ಯಂತ್ರಗಳಲ್ಲಿ ಮೇಲೆ, ಕೆಲವದರಲ್ಲಿ ಕೆಳಗೆ. ಕೂದಲೆಳೆಯಷ್ಟು ಸಣ್ಣ ಆ ಮೊದಲ ಗೀರೇ ಎಲ್ಲ ಹೇಳುವುದು, ಅದೇ ಅಕ್ಕನ ಕಣ್ಣಿಗೆ ಕಾಣದೆ ಹೋಗಿದ್ದು.

"ಹೊಳೆ ಮೇಲೆ, ಸೇತುವೆ ಮೇಲೆ, ಬಾವಿ ಕೆಳಗೆ, ಗುಡ್ಡ ಮೇಲೆ, ಅಂತ ನಾನು ಓದ್ತಾ ಹೋಗೋದು. ಯಂತ್ರ ಇಟ್ಟಿರೋ ಜಾಗಗಳ ಹೆಸರು ಅವು. ಅಮ್ಮ ಕಣ್ಣು ಮುಚ್ಚಿ ಕೇಳಿಸ್ಕೊಂಡು, ಸ್ಫೋಟನೋ ಭೂಕಂಪನೋ ಹೇಳೋಳು. ಅಮ್ಮ ತಪ್ಪಲ್ಲ ಅಂತ ನಾನು ಮರುಯೋಚನೆ ಇಲ್ಲದೆ ಗುಂಡಿ ಒತ್ತೋದು. ಒಂದು ದಿನಾನೂ ಬೇಸರ ಆಗಲಿಲ್ಲ, ಮಾಮ. ಅಮ್ಮ ನಡುನಡುವೆ ನಗಿಸೋಳು. ಚಿಕ್ಕವಳಿದ್ದಾಗ ತೊಡೆ ಮೇಲೆ ಕೂರಿಸ್ಕೊಂಡು ಇದನ್ನೆಲ್ಲ ಕಲಿಸಿದ್ಳಲ್ಲ, ಈಗ ನನ್ನ ಸರದಿ ಅಂದ್ಕೊಂಡಿದ್ದೆ."

"ಸರಿಯಾಗಿ ಓದಿದ್ಯಾ?"

"ಮಾಮ!" ಅವಳಿಗೆ ಕೋಪವೇ ಬಂತು. "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದಿದೀನಿ. ಒಂದೊಂದನ್ನೂ ಎರಡೆರಡು ಸಲ. ಬೇಕಿದ್ರೆ ಯಾವುದಾದ್ರೂ ತೆಗೀರಿ, ಈಗಲೇ ಓದಿ ತೋರಿಸ್ತೀನಿ. ಮೂಲ ಅಲೆಗಳು ಹಾಗೇ ಇವೆಯಲ್ಲ."

ನನ್ನ ತಲೆಯಲ್ಲಿ ದೀಪ ಹತ್ತಿತು. ಹತ್ತಬಾರದಿತ್ತು.

ಓದಿದವಳ ಕಣ್ಣು ಚೆನ್ನಾಗಿದೆ. ಹೇಳಿದವಳ ತಲೆ ಚೆನ್ನಾಗಿತ್ತು. ಹಾಗಿದ್ದ ಮೇಲೆ ಗುರುತು ತಪ್ಪಾಗಲು ಸಾಧ್ಯವೇ ಇಲ್ಲ, ದೊಡ್ಡವರು ತೋರಿಸಿದ ದಾಖಲೆಯೇ ಬೋಗಸ್. ಎಲ್ಲರೆದುರು ಹುಡುಗಿ ಓದಿ ತೋರಿಸಿದರೆ ಮುಗಿಯಿತು, ಅವರು ಬಾಲ ಮುದುರಿಕೊಳ್ಳುತ್ತಾರೆ. ಪಾಪುವೂ ಹಾಗೇ ಎಂದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಕಳ್ಳರು ಸಂಚು ಮಾಡುವ ಹಾಗೆ ಮಾತಾಡಿಕೊಂಡೆವು.

ವಿಚಾರಣೆ ನಡೆಸುತ್ತಿದ್ದವರು ನಿವೃತ್ತ ನ್ಯಾಯಾಧೀಶೆ. ಬಿಳಿ ಕೂದಲು, ಮೆತ್ತನೆ ಮಾತು. ಊಟದ ಡಬ್ಬಿ ಮುಚ್ಚುತ್ತಿದ್ದಾಗಲೇ ಹೋಗಿ ಕೈ ಮುಗಿದು ಕೇಳಿಕೊಂಡೆ. "ತಾಯಿಗೆ ಓದಿ ಹೇಳ್ತಿದ್ದ ಮಗಳು ಇದ್ದಾಳೆ, ಮೇಡಂ. ದೊಡ್ಡ ಪರದೆ ಮೇಲೆ ಮೂಲ ಅಲೆ ಹಾಕಿಸಿ. ಎಲ್ಲರ ಮುಂದೆ ಓದಿ ತೋರಿಸ್ತಾಳೆ."

ಅವರು ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, "ಮೊದಲ ಸಾಕ್ಷಿ ಅವಳೇ ಆಗಲಿ" ಎಂದರು.

ಅಲ್ಲಿಂದ ಹೊರಬಂದಾಗ ನನಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು ಎಂದೂ ಹೇಳಿಬಿಡುತ್ತೇನೆ.

ಭಾವ ಓಣಿಯ ತುದಿಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಂಗಿಯ ಗುಂಡಿ ಒಂದು ಕೆಳಗಿನ ತೂತಿಗೆ ಹೋಗಿತ್ತು. ಅಕ್ಕ ಇದ್ದಿದ್ದರೆ ಹಾಗೆ ಹೊರಗೆ ಬಿಡುತ್ತಿರಲಿಲ್ಲ. ಸಾವಿನ ದಿನದಿಂದ ಆ ಮನುಷ್ಯ ನನ್ನೊಡನೆ ನಾಲ್ಕು ಮಾತಾಡಿರಲಿಲ್ಲ. ಊಟ ಮಾಡಿದ್ರಾ ಎಂದರೆ ಹೂಂ, ಮಾಡಿರದಿದ್ದರೂ ಹೂಂ.

"ಭಾವ, ಇನ್ನು ನೀವು ತಲೆ ತಗ್ಗಿಸಬೇಕಾಗಿಲ್ಲ," ಎಂದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕ್ವಾರಿ, ಭಾನುವಾರ, ದೊಡ್ಡವರು, ಕಣ್ಣು. ಕಣ್ಣಿನ ವಿಷಯಕ್ಕೆ ಅವರು ಅಲುಗಾಡಲಿಲ್ಲ, ಅವರಿಗದು ಗೊತ್ತಿದ್ದದ್ದೇ. "ಪಾಪು ಓದ್ತಾಳೆ ಈಗ, ದೊಡ್ಡ ಪರದೆ ಮೇಲೆ" ಎಂದಾಗ ಮಾತ್ರ ಅವರ ಕೈ ಬಂದು ನನ್ನ ಮುಂಗೈ ಹಿಡಿಯಿತು. ಆ ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

"ಏನ್ ಮಾಡಿದ್ಯೋ?"

"ಯಾಕೆ ಭಾವ?"

"ನಿಲ್ಸು. ಹೋಗಿ ನಿಲ್ಸು ಅವಳನ್ನ."

"ಏನಾಯ್ತು ಅಂತ ಹೇಳಿ ಮೊದಲು."

ಅವರು ನೆಲ ನೋಡುತ್ತ ಮಾತಾಡಿದರು, ತೀರಾ ಮೆಲ್ಲಗೆ.

"ಗುಡ್ಡದ ಮೇಲಿನ ಯಂತ್ರ ತಲೆಕೆಳಗು. ವರ್ಷಗಳ ಹಿಂದೆ ರಿಪೇರಿಗೆ ಬಂದವನು ತಂತಿ ಅದಲು ಬದಲು ಸೇರಿಸಿ ಹೋದ. ಅವತ್ತಿಂದ ನೆಲ ಮೇಲೆದ್ರೆ ಅದು ಕೆಳಗೆ ಅಂತ ಬರೆಯುತ್ತೆ, ಕೆಳಗೆ ಹೋದ್ರೆ ಮೇಲೆ ಅಂತ. ನಿಮ್ಮಕ್ಕ ಎಷ್ಟೋ ಸಲ ದೂರು ಕೊಟ್ಳು. ಯಾರೂ ಬರಲಿಲ್ಲ. ಹೋಗ್ಲಿ ಬಿಡಿ, ಗಂಡನ ಥರ ಅದೂ ಉಲ್ಟಾ ಮಾತಾಡುತ್ತೆ, ನಾನು ಸರಿ ಮಾಡ್ಕೋತೀನಿ ಅಂತ ನಕ್ಕಿದ್ಳು. ಗುಡ್ಡ ಬಂದಾಗ ಮನಸ್ಸಲ್ಲೇ ತಿರುಗಿಸಿಕೊಳ್ಳೋಳು. ಅಷ್ಟು ರೂಢಿಯಾಗಿಹೋಗಿತ್ತು, ತಿರುಗಿಸ್ತಿದೀನಿ ಅಂತ ಅವಳಿಗೇ ನೆನಪಿರ್ತಿರಲಿಲ್ಲ."

"ಸರಿ. ಅದಕ್ಕೇನೀಗ?"

"ಪಾಪುಗೂ ಅದನ್ನ ಅವಳೇ ಹೇಳಿಕೊಟ್ಟಿದ್ದು. ತೊಡೆ ಮೇಲೆ ಕೂರಿಸ್ಕೊಂಡು."

ನನಗಿನ್ನೂ ಹೊಳೆದಿರಲಿಲ್ಲ. ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ.

"ಪಾಪು ಗುಡ್ಡದ ಗೀರನ್ನ ತಾನೇ ತಿರುಗಿಸಿ ಓದಿದ್ರೆ? ಅಮ್ಮನಿಗೆ ತೊಂದರೆ ಬೇಡ ಅಂತ? ಪಾಪು ಪರದೆಯಲ್ಲಿ ಇದ್ದದ್ದನ್ನ ಇದ್ದ ಹಾಗೇ ಓದ್ತಿದ್ದಾಳೆ ಅಂದ್ಕೊಂಡು ಅವಳಮ್ಮ ಮತ್ತೆ ತಿರುಗಿಸಿದ್ರೆ?" ಅವರು ಅಂಗೈಯನ್ನು ಮಗುಚಿ, ಮತ್ತೆ ಮಗುಚಿ ತೋರಿಸಿದರು. "ಎರಡು ಸಲ ತಿರುಗಿಸಿದ್ರೆ ಎಲ್ಲಿತ್ತೋ ಅಲ್ಲಿಗೇ ಬಂತು. ಬಂಡೆ ಸಿಡಿದಾಗ ಎಲ್ಲಾ ಕಡೆ ಮೇಲೆ, ಗುಡ್ಡ ಒಂದು ಕಡೆ ಕೆಳಗೆ. ಒಂದು ಕಡೆ ಕೆಳಗೆ ಅಂದ್ರೆ ಸ್ಫೋಟ ಅಲ್ಲ. ಭೂಕಂಪ ಅಂತ ಹಾಕು ಅಂತಾಳೆ ಅವಳು. ಇವಳು ಹಾಕ್ತಾಳೆ."

ಓಣಿಯಲ್ಲಿ ಯಾರೋ ನಗುತ್ತ ಹಾದುಹೋದರು.

"ಅಂತ್ಯಕ್ರಿಯೆ ಆದ್ಮೇಲೆ ನಿದ್ದೆ ಬರದೆ ಮೂಲ ಅಲೆ ತೆಗೆದು ನೋಡಿದೆ. ತಪ್ಪಾಗಿರೋದು ಆ ಒಂದು ರೀತಿಯಲ್ಲೇ, ಎಲ್ಲದರಲ್ಲೂ. ಬೇರೆ ಯಾರ ಗುರುತಾಗಿದ್ರೂ ನಾನು ಹೊತ್ತು ನೋಡಿ, ವಾರ ನೋಡಿ, ಇನ್ನೊಮ್ಮೆ ಸೋಸ್ತಿದ್ದೆ. ಅವಳದ್ದಲ್ವಾ ಅಂತ ಬಿಟ್ಟೆ. ಹಾಗಾಗಿ ತಪ್ಪು ನನ್ನದೇ ಅಂತ ಬರೆದಿದ್ದು ಸುಳ್ಳಲ್ಲ. ಪಕ್ಕದ ಕೋಣೆಯಲ್ಲಿ ಕೂತು ಅವರಿಬ್ಬರ ದನಿ ಕೇಳ್ತಿದ್ದೆ ನಾನು. ಎಷ್ಟು ಚೆನ್ನಾಗಿದೆ ಅಂದ್ಕೊಂಡಿದ್ದೆ."

ಅವರು ಅಳುತ್ತಿದ್ದರು. ಭಾವ ಅಳುವುದನ್ನು ನಾನು ಅಕ್ಕನ ಚಿತೆಯೆದುರೂ ಕಂಡಿರಲಿಲ್ಲ.

"ಪಾಪು ಹಾಗೆ ಓದಿದ್ಳು ಅಂತ ನಿಮಗೆ ಖಾತ್ರಿ ಇದೆಯಾ?"

"ಕೇಳಿಲ್ಲ. ಹೇಗೆ ಕೇಳಲಿ? ಕೇಳಿದ ಕ್ಷಣ ಅವಳಿಗೆ ಗೊತ್ತಾಗಿಬಿಡುತ್ತೆ. ಅವಳಮ್ಮ ಆ ಕಟ್ಟಡದಲ್ಲಿ... ಅವಳು ಹೇಗೆ ಬದುಕ್ತಾಳೋ ಆಮೇಲೆ? ನನ್ನನ್ನ ಜೈಲಿಗೆ ಹಾಕ್ಲಿ. ನಿಮ್ಮಕ್ಕನ್ನ ಕುರುಡಿ ಅಂತ ಬೈಕೊಳ್ಳಲಿ, ಅವಳೂ ಬೇಡ ಅನ್ನಲ್ಲ. ನಮ್ಮಿಬ್ಬರಲ್ಲಿ ಯಾರ ಮೇಲೆ ಬೇಕಾದ್ರೂ ಹಾಕ್ಲಿ. ಮಗು ಮೇಲೆ ಬೇಡ."

ದೊಡ್ಡವರು ಹೇಳಿದ್ದು ಅರ್ಧ ಸತ್ಯ. ಈ ಮನುಷ್ಯ ಮುಚ್ಚಿಡುತ್ತಿದ್ದದ್ದು ಹೆಂಡತಿಯ ಹೆಸರನ್ನಲ್ಲ.

ಅಷ್ಟರಲ್ಲಿ ಸಭಾಂಗಣದ ಗಂಟೆ ಹೊಡೆಯಿತು.

ನಾನು ಓಡಿದೆ. ಕಳ್ಳರ ಹಿಂದೆಯೂ ಹಾಗೆ ಓಡಿರಲಿಲ್ಲ. ಬಾಗಿಲಲ್ಲಿ ಜವಾನ ಅಡ್ಡ ನಿಂತು, "ಶುರುವಾಗಿದೆ ಸಾರ್, ಸದ್ದು ಮಾಡ್ಬೇಡಿ" ಎಂದ. ಅವನನ್ನು ತಳ್ಳಿಕೊಂಡು ಒಳಗೆ ಹೋದೆ. ಕುರ್ಚಿಗಳೆಲ್ಲ ತುಂಬಿದ್ದವು. ಸತ್ತವರ ಮನೆಯವರು ಮುಂದಿನ ಸಾಲುಗಳಲ್ಲಿದ್ದರು, ಕೆಲವರ ಮಡಿಲಲ್ಲಿ ಚಿತ್ರಪಟ. ಪಾಪು ಆಗಲೇ ಪರದೆಯ ಪಕ್ಕ ಕೋಲು ಹಿಡಿದು ನಿಂತಿದ್ದಳು.

ಕೂಗಿ ನಿಲ್ಲಿಸಬಹುದಿತ್ತು. ಕೂಗಿದರೆ ಏನೆಂದು ಕೂಗಲಿ? 'ಓದಬೇಡ' ಎಂದ ಕ್ಷಣ ಅಲ್ಲಿದ್ದವರಿಗೆಲ್ಲ ಅದರಲ್ಲಿ ಏನೋ ಇದೆ ಎಂದು ತಿಳಿಯುತ್ತಿತ್ತು. ಅವಳಿಗೂ. ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಭಾವ ಏದುಸಿರು ಬಿಡುತ್ತ ಬಂದು ನನ್ನ ಪಕ್ಕ ನಿಂತರು. ಒಂದೇ ಒಂದು ಆಸೆ ಉಳಿದಿತ್ತು. ಅವಳು ಕಂಡದ್ದನ್ನು ಕಂಡ ಹಾಗೆಯೇ ಓದಲಿ. ಭಾವನ ಊಹೆ ಸುಳ್ಳಾಗಲಿ. ದೇವರನ್ನು ನಂಬದ ನಾನು ಆ ಕ್ಷಣ ಅಕ್ಕನನ್ನೇ ಬೇಡಿಕೊಂಡೆ.

ದೊಡ್ಡ ಪರದೆಯ ಮೇಲೆ ಒಂದರ ಕೆಳಗೊಂದು ಅಲೆಗಳು ಮೂಡಿದವು. ನ್ಯಾಯಾಧೀಶೆ ಪೆನ್ನು ಹಿಡಿದು, "ಅಮ್ಮನ ಬದಲು ನಾನೇ ಕೇಳಿಸ್ಕೊಂಡು ಬರ್ಕೋತೀನಿ. ಓದಮ್ಮ" ಎಂದರು.

"ಹೊಳೆ, ಮೇಲೆ," ಎಂದಳು ಪಾಪು. ದನಿ ಸ್ಪಷ್ಟವಾಗಿತ್ತು. ಊಟದ ಮೇಜಿನಲ್ಲೂ ಹೀಗೇ ಓದುತ್ತಿದ್ದಳೇನೋ. "ಸೇತುವೆ, ಮೇಲೆ. ಬಾವಿ, ಮೇಲೆ."

ಕೋಲು ಕೊನೆಯ ಅಲೆಗೆ ಇಳಿಯಿತು. ಪರದೆ ಎಷ್ಟು ದೊಡ್ಡದಿತ್ತೆಂದರೆ ಹಿಂದೆ ನಿಂತ ನನಗೂ ಕಂಡಿತು. ನೆಟ್ಟಗೆ ಹೋಗುತ್ತಿದ್ದ ಗೆರೆ ಅಲ್ಲಿ ಚೂರು ಕೆಳಕ್ಕೆ ಕುಕ್ಕಿತ್ತು.

"ಗುಡ್ಡ, ಮೇಲೆ."

ಭಾವ ಮತ್ತೆ ನನ್ನ ಮುಂಗೈ ಹಿಡಿದರು.

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡರು. "ನೋಡಮ್ಮ, ನನಗೆ ಇದರ ವಿದ್ಯೆ ಗೊತ್ತಿಲ್ಲ. ಆದರೆ ಅಲ್ಲಿ ಗೆರೆ ಕೆಳಗೆ ಹೋಗಿರೋ ಹಾಗಿದೆ. ನೀನು ಮೇಲೆ ಅಂದೆ."

ಪಾಪು ನಕ್ಕಳು. ಅಮ್ಮ ಸತ್ತ ಮೇಲೆ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ತಾಯಿ ಎಷ್ಟು ಜಾಣೆ ಎಂದು ಹೇಳಲು ಕಡೆಗೂ ಸಮಯ ಸಿಕ್ಕ ಮಗಳ ನಗು ಅದು.

"ಅದು ತಲೆಕೆಳಗು ಯಂತ್ರ, ಮೇಡಂ. ತಂತಿ ಉಲ್ಟಾ ಇದೆ. ನೋಡಿದವರಿಗೆಲ್ಲ ಗೊತ್ತಾಗಲ್ಲ, ಅಮ್ಮ ಕಂಡುಹಿಡಿದಿದ್ದು. ಅದಕ್ಕೆ ಗುಡ್ಡ ಒಂದನ್ನ ಮಾತ್ರ ನಾನು ಯಾವಾಗಲೂ ತಿರುಗಿಸಿಯೇ ಓದೋದು. ಒಂದು ಸಲಾನೂ ಮರೆತಿಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡವರು ನಿಧಾನವಾಗಿ ತಲೆಯೆತ್ತಿದರು. ಅವರಿಗೆ ಅರ್ಥವಾಗಿತ್ತು.

ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿದರು. ಅವರ ದನಿ ಮೊದಲಿಗಿಂತಲೂ ಮೆತ್ತಗಾಗಿತ್ತು. "ಹೀಗೆ ತಿರುಗಿಸಿ ಓದ್ತಾ ಇದೀನಿ ಅಂತ ನೀನು ಅಮ್ಮನಿಗೆ ಹೇಳಿದ್ಯಾ, ಮಗಳೇ?"

"ಹೇಳೋದೇನಿದೆ ಮೇಡಂ, ಅಮ್ಮನಿಗೆ ಗೊತ್ತೇ ಇತ್ತಲ್ಲ. ಅಮ್ಮನೂ ಗುಡ್ಡ ಬಂದಾಗ..."

ಮಾತು ಅಲ್ಲಿಗೆ ನಿಂತಿತು. ಅವಳು ಪರದೆ ನೋಡಿದಳು. ಕೋಲು ಹಿಡಿದ ಕೈ ಕೆಳಗಿಳಿಯಿತು. ಮುಂದಿನ ಸಾಲಿನ ಮಡಿಲುಗಳಲ್ಲಿದ್ದ ಚಿತ್ರಪಟಗಳ ಮೇಲೆ ಅವಳ ಕಣ್ಣು ಒಂದೊಂದಾಗಿ ಹಾದುಬಂತು. ಆಮೇಲೆ ಅಷ್ಟು ಜನರ ತಲೆಗಳ ಮೇಲಿಂದ ಹಿಂದಿನ ಗೋಡೆಯ ತನಕ ಹುಡುಕಿ ಅಪ್ಪನನ್ನು ಕಂಡಳು.

ಭಾವ ಮುಖ ಆಚೆ ತಿರುಗಿಸಿಕೊಂಡಿದ್ದರು.

"ಅಪ್ಪಾ," ಎಂದಳು ಪಾಪು, "ನನ್ನ ಕಡೆ ನೋಡಿ."